ನಾಗವಲ್ಲಿ ಮರಳಿ ಬಂದಳು, ಡಾಕ್ಟರ ಮಾತು ಮರೆತುಹೋಯಿತು

ಈಗ ಯಾವ ಸಿನಿಮಾ ಗೆದ್ದರೂ ಮರುದಿನವೇ ಕೇಳುವ ಪ್ರಶ್ನೆ ಒಂದೇ: ‘ಪಾರ್ಟ್ 2 ಯಾವಾಗ?’ ಕೆಲವು ಸಿನಿಮಾಗಳು ಗೆಲ್ಲುವವರೆಗೂ ಕಾಯುವುದಿಲ್ಲ. ಕೊನೆಯ ದೃಶ್ಯದಲ್ಲೇ ಮುಂದಿನ ಭಾಗದ ಸುಳಿವು ಬಿಟ್ಟು ನಮ್ಮನ್ನು ಮನೆಗೆ ಕಳಿಸುತ್ತವೆ. ‘ಕೆಜಿಎಫ್’ 2018ರಲ್ಲಿ ಬಂತು. 2022ರಲ್ಲಿ ಅದರ ಎರಡನೇ ಅಧ್ಯಾಯ ಬಂತು, ಅದರ ಕೊನೆಯಲ್ಲಿ ಮೂರನೆಯದರ ಸೂಚನೆಯೂ ಬಂತು. ‘ಕಾಂತಾರ’ 2022ರದ್ದು, ಅದಕ್ಕೂ ಹಿಂದಿನ ಕಥೆ ಹೇಳುವ ‘ಕಾಂತಾರ ಅಧ್ಯಾಯ 1’ ತೆರೆಗೆ ಬಂದದ್ದು 2025ರ ಅಕ್ಟೋಬರ್ 2ರಂದು. ‘ಮುಂಗಾರು ಮಳೆ’ಗೆ, ‘ಗಾಳಿಪಟ’ಕ್ಕೆ, ‘ದೃಶ್ಯ’ಕ್ಕೆ, ‘ಲವ್ ಮಾಕ್ಟೇಲ್’ಗೆ, ಎಲ್ಲಕ್ಕೂ ಎರಡು ಅಂಟಿಕೊಂಡಿದೆ.

ನಾನು ಬಾಳೆಹೊನ್ನೂರಿನವಳು. ಡಿಗ್ರಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಇದ್ದಷ್ಟು ಹೊತ್ತು ಟಿ.ವಿ.ಯಲ್ಲೋ ಮೊಬೈಲ್‌ನಲ್ಲೋ ಸಿನಿಮಾ ನೋಡುವುದು ನಮ್ಮ ಕಡೆಯ ಎಲ್ಲ ಮನೆಗಳ ಅಭ್ಯಾಸ. ಹಾಗೆ ಹಳೆಯ ಸಿನಿಮಾಗಳನ್ನೂ ಅವುಗಳ ಎರಡನೇ ಭಾಗಗಳನ್ನೂ ಒಂದರ ಹಿಂದೆ ಒಂದರಂತೆ ನೋಡಿದಾಗ ಒಂದು ವಿಷಯ ಸ್ಪಷ್ಟವಾಗತೊಡಗಿತು. ಎರಡನೇ ಭಾಗ ಚೆನ್ನಾಗಿಲ್ಲದಿದ್ದರೆ ನಷ್ಟವೇನಿಲ್ಲ, ಮರೆತುಬಿಡುತ್ತೇವೆ. ಆದರೆ ಕೆಲವು ಎರಡನೇ ಭಾಗಗಳು ಚೆನ್ನಾಗಿಯೇ ಇರುತ್ತವೆ, ಚೆನ್ನಾಗಿಯೇ ಓಡುತ್ತವೆ, ಓಡುತ್ತಲೇ ಮೊದಲನೆಯದು ಹೇಳಿದ ಮಾತನ್ನು ಅಳಿಸಿಹಾಕುತ್ತವೆ. ಅವು ಮೊದಲ ಕಥೆಯ ನೆನಪನ್ನು ಮುಂದುವರಿಸುತ್ತವೆ, ಅರ್ಥವನ್ನಲ್ಲ. ಇದರ ಪರಿಣಾಮ ಥಿಯೇಟರಿನ ಹೊರಗೂ ಬರುತ್ತದೆ ಎಂಬುದು ನನ್ನ ವಾದ.

ದೆವ್ವ ಇಲ್ಲ ಎಂದಿದ್ದ ಕಥೆ

ಇದಕ್ಕೆ ಕನ್ನಡದಲ್ಲೇ ಎಲ್ಲರಿಗೂ ಗೊತ್ತಿರುವ ಉದಾಹರಣೆ ಇದೆ: ‘ಆಪ್ತಮಿತ್ರ’ ಮತ್ತು ‘ಆಪ್ತರಕ್ಷಕ’.

‘ಆಪ್ತಮಿತ್ರ’ 2004ರ ಆಗಸ್ಟ್‌ನಲ್ಲಿ ಬಂತು. ದ್ವಾರಕೀಶ್ ನಿರ್ಮಾಣ, ಪಿ. ವಾಸು ನಿರ್ದೇಶನ. ಅದರ ಮೂಲ 1993ರ ಮಲಯಾಳಂ ಸಿನಿಮಾ ‘ಮಣಿಚಿತ್ರತಾಳ್’. ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳೆಯ ಅರಮನೆಯಂಥ ಮನೆ, ಅಲ್ಲಿ ಮುಚ್ಚಿಟ್ಟ ಕೋಣೆ, ನಾಗವಲ್ಲಿ ಎಂಬ ನರ್ತಕಿಯ ಚಿತ್ರಪಟ, ಅವಳನ್ನು ಕೊಂದ ರಾಜ ವಿಜಯ ರಾಜೇಂದ್ರ ಬಹದ್ದೂರ್. ಮನೆಯಲ್ಲಿ ವಿಚಿತ್ರಗಳು ನಡೆಯುತ್ತವೆ. ಎಲ್ಲರೂ ದೆವ್ವ ಎನ್ನುತ್ತಾರೆ. ಆಗ ಬರುವವನು ಡಾಕ್ಟರ್ ವಿಜಯ್. ಅವನು ಕಂಡುಹಿಡಿಯುವುದು ದೆವ್ವವನ್ನಲ್ಲ, ಕಾಯಿಲೆಯನ್ನು. ಸೊಸೆಯಾಗಿ ಬಂದ ಗಂಗಾ ಆ ನರ್ತಕಿಯ ಕಥೆಯಲ್ಲಿ ಎಷ್ಟು ಮುಳುಗಿದ್ದಾಳೆಂದರೆ ತನ್ನನ್ನು ತಾನೇ ನಾಗವಲ್ಲಿ ಎಂದುಕೊಂಡಿದ್ದಾಳೆ. ಅವಳಿಗೆ ಬೇಕಾಗಿರುವುದು ಚಿಕಿತ್ಸೆ ಮತ್ತು ಗಂಡನ ಪ್ರೀತಿ. ದೆವ್ವದ ಸಿನಿಮಾದ ಎಲ್ಲ ಭಯವನ್ನೂ ಎರಡು ಗಂಟೆ ಅನುಭವಿಸಿದ ಪ್ರೇಕ್ಷಕನಿಗೆ ಕೊನೆಗೆ ಹೇಳುವುದು ಇದನ್ನೇ: ನೀನು ದೆವ್ವ ಎಂದುಕೊಂಡದ್ದು ಒಬ್ಬ ಹೆಣ್ಣುಮಗಳ ನೋವು.

ಅದು ಸಣ್ಣ ಮಾತಲ್ಲ. ಹೆಣ್ಣುಮಕ್ಕಳ ಮನಸ್ಸಿನ ಕಾಯಿಲೆಯನ್ನು ಗಾಳಿ, ಸೋಂಕು ಎಂದು ಕರೆದು ಬೇವಿನ ಸೊಪ್ಪಿನಲ್ಲಿ ಹೊಡೆಯುವ ಪದ್ಧತಿ ಇದ್ದ ನಾಡಿನಲ್ಲಿ, ಅಷ್ಟು ದೊಡ್ಡ ತಾರೆಯರ ಸಿನಿಮಾವೊಂದು ಬಂದು ‘ಇದು ರೋಗ, ವಾಸಿಯಾಗುತ್ತದೆ’ ಎಂದಿತು. ಹಳ್ಳಿಯ ಅಜ್ಜಿಯಂದಿರಿಗೂ ಆ ಮಾತು ಮುಟ್ಟಿತು. ಗಂಗಾ ಪಾತ್ರ ಮಾಡಿದ ಸೌಂದರ್ಯ ಸಿನಿಮಾ ಬಿಡುಗಡೆಗೆ ಮುಂಚೆಯೇ, 2004ರ ಏಪ್ರಿಲ್‌ನಲ್ಲಿ, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಆ ದುಃಖವೂ ಸೇರಿ ಜನ ಆ ಸಿನಿಮಾವನ್ನು ಎದೆಗೆ ಹಚ್ಚಿಕೊಂಡರು.

ನ್ಯಾಯವಾಗಿ ಹೇಳುವುದಾದರೆ ‘ಆಪ್ತಮಿತ್ರ’ವೇ ಪೂರ್ತಿ ನಿಷ್ಕಳಂಕವಲ್ಲ. ಅದರಲ್ಲೂ ಆಚಾರ್ಯರು ಬರುತ್ತಾರೆ, ಮಂಡಲ ಬರೆಯುತ್ತಾರೆ, ಗಂಗಾಳ ಚಿಕಿತ್ಸೆಯೇ ಒಂದು ಪೂಜೆಯ ರೂಪದಲ್ಲಿ ನಡೆಯುತ್ತದೆ. ನಿಜವಾದ ಮನೋರೋಗ ಒಂದು ರಾತ್ರಿಯ ನಾಟಕದಿಂದ ವಾಸಿಯಾಗುವುದೂ ಇಲ್ಲ. ಆದರೂ ಅಲ್ಲಿ ಪೂಜೆಯನ್ನು ನಡೆಸುವ ಬುದ್ಧಿ ಡಾಕ್ಟರದ್ದು. ರೋಗಿ ಏನನ್ನು ನಂಬಿದ್ದಾಳೋ ಅದರ ಮೂಲಕವೇ ಅವಳನ್ನು ಹೊರಗೆ ತರುವ ಉಪಾಯ ಅದು. ಕೊನೆಯ ಮಾತು ವೈದ್ಯನದೇ ಆಗಿತ್ತು.

ಆರು ವರ್ಷದ ಬಳಿಕ, 2010ರ ಫೆಬ್ರುವರಿಯಲ್ಲಿ ‘ಆಪ್ತರಕ್ಷಕ’ ಬಂತು. ನಿರ್ದೇಶಕರು ಅವರೇ, ನಾಯಕರೂ ಅವರೇ. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ತೀರಿಕೊಂಡಿದ್ದರಿಂದ ಥಿಯೇಟರ್‌ಗಳಲ್ಲಿ ಜನ ಅಳುತ್ತಲೇ ಅದನ್ನು ನೋಡಿದರು. ಸಿನಿಮಾ ದೊಡ್ಡದಾಗಿ ಗೆದ್ದಿತು. ಅವರ ಅಭಿನಯದ ಬಗ್ಗೆ ನನ್ನದೇನೂ ತಕರಾರಿಲ್ಲ. ಆ ವಯಸ್ಸಿನಲ್ಲಿ ರಾಜನಾಗಿ ಅವರು ಕುಣಿದ ಪರಿ ನೋಡುವಾಗ ಈಗಲೂ ರೋಮಾಂಚನವಾಗುತ್ತದೆ. ತಕರಾರು ಕಥೆಯದ್ದು. ಅಲ್ಲೂ ವಿಜಯ್ ಡಾಕ್ಟರೇ, ಅಲ್ಲೂ ಕಾಯಿಲೆಯ ಮಾತು ಬರುತ್ತದೆ. ಆದರೆ ಈ ಸಲ ನಾಗವಲ್ಲಿಯ ಚಿತ್ರಪಟ ಹೋದ ಮನೆಗೆ ಕೇಡು ತಪ್ಪುವುದಿಲ್ಲ. ನೂರು ವರ್ಷ ದಾಟಿದ ರಾಜ ಇನ್ನೂ ಬದುಕಿಯೇ ಇದ್ದಾನೆ. ಅಂದರೆ, ಮನೆಯವರು ಮೊದಲಿನಿಂದಲೂ ಹೆದರುತ್ತಿದ್ದುದು ಸರಿಯೇ ಆಗಿತ್ತು!

ಮೊದಲ ಸಿನಿಮಾ ಎರಡು ಗಂಟೆ ಕಷ್ಟಪಟ್ಟು ಮುಚ್ಚಿದ್ದ ಕೋಣೆಯ ಬಾಗಿಲನ್ನು ಎರಡನೆಯದು ಹೀಗೆ ತೆರೆದುಬಿಟ್ಟಿತು.

ಇದು ಕನ್ನಡಕ್ಕೆ ಮಾತ್ರ ಸೀಮಿತವಲ್ಲ. ಅದೇ ಮಲಯಾಳಂ ಕಥೆ ಹಿಂದಿಯಲ್ಲಿ 2007ರಲ್ಲಿ ‘ಭೂಲ್ ಭುಲಯ್ಯಾ’ ಆಯಿತು. ಅಲ್ಲೂ ದೆವ್ವ ಇರಲಿಲ್ಲ. 2022ರಲ್ಲಿ ಅದರ ಎರಡನೇ ಭಾಗ ಬಂದಾಗ ದೆವ್ವ ನಿಜವಾಗಿಯೇ ಇತ್ತು. ತಮಿಳಿನ ‘ಚಂದ್ರಮುಖಿ’ 2005ರದ್ದು. 2023ರ ‘ಚಂದ್ರಮುಖಿ 2’ರಲ್ಲಿ ಆತ್ಮಗಳು ರಾಜಾರೋಷವಾಗಿ ಓಡಾಡಿದವು. ಒಂದೇ ಬೇರಿನ ಕಥೆ, ಮೂರು ಭಾಷೆ. ಮೂರರಲ್ಲೂ ಮೊದಲ ಭಾಗ ದೆವ್ವವನ್ನು ಓಡಿಸಿತು, ಎರಡನೇ ಭಾಗ ಕರೆದು ಕೂರಿಸಿತು. ಇದು ಕಾಕತಾಳೀಯ ಇರಲಾರದು.

ನೆನಪು ಮಾರಾಟಕ್ಕಿದೆ, ಅರ್ಥಕ್ಕೆ ಗಿರಾಕಿಯಿಲ್ಲ

ಯಾಕೆ ಹೀಗಾಗುತ್ತದೆ? ಎರಡನೇ ಭಾಗ ಮಾಡಲು ಹೊರಟವರು ಮೊದಲು ಕೇಳಿಕೊಳ್ಳುವ ಪ್ರಶ್ನೆ, ‘ಜನರಿಗೆ ಯಾವುದು ನೆನಪಿದೆ?’ ಎಂಬುದು. ‘ಆಪ್ತಮಿತ್ರ’ದಿಂದ ಜನರಿಗೆ ನೆನಪಿರುವುದು ನಾಗವಲ್ಲಿಯ ಕಣ್ಣು, ಕಾಲ್ಗೆಜ್ಜೆ, ‘ರಾ ರಾ’ ಹಾಡು, ರಾಜನ ಗತ್ತು. ಪೋಸ್ಟರ್ ಮೇಲೆ ಹಾಕಬಹುದಾದದ್ದು ಇದೇ. ‘ಇದು ಮನಸ್ಸಿನ ಕಾಯಿಲೆ’ ಎಂಬ ವಾಕ್ಯವನ್ನು ಪೋಸ್ಟರ್ ಮಾಡಲಾಗುವುದಿಲ್ಲ. ನೆನಪನ್ನು ತೆಗೆದುಕೊಂಡು ಹೊಸ ಸಿನಿಮಾ ಕಟ್ಟಿದಾಗ ನಾಗವಲ್ಲಿ ಮತ್ತೆ ಬರಲೇಬೇಕು. ಅವಳು ಮತ್ತೆ ಬರಬೇಕಾದರೆ ಡಾಕ್ಟರ್ ಸೋಲಲೇಬೇಕು. ಯಾರೂ ಬೇಕೆಂದು ಮೂಲಕಥೆಗೆ ದ್ರೋಹ ಮಾಡಲಿಲ್ಲ. ಲೆಕ್ಕವೇ ಹಾಗಿದೆ.

ಈ ಲೆಕ್ಕದ ಹಿಂದೆ ದುಡ್ಡಿನ ವಾಸ್ತವವೂ ಇದೆ. ಹೊಸ ಹೆಸರಿನ ಸಿನಿಮಾವನ್ನು ಜನರಿಗೆ ಪರಿಚಯಿಸಲು ಪ್ರಚಾರಕ್ಕೇ ದೊಡ್ಡ ಮೊತ್ತ ಬೇಕು. ಹಳೆಯ ಹೆಸರಿಗೆ ‘2’ ಸೇರಿಸಿದರೆ ಪರಿಚಯ ಪುಕ್ಕಟೆ. ಟಿ.ವಿ. ಹಕ್ಕು, ಒಟಿಟಿ ಹಕ್ಕು, ಬೇರೆ ಭಾಷೆಯ ಡಬ್ಬಿಂಗ್ ಹಕ್ಕು ಮಾತನಾಡುವಾಗ ಗೆದ್ದ ಹೆಸರಿಗೆ ಬೇಗ ಬೆಲೆ ಸಿಗುತ್ತದೆ. ನಿರ್ಮಾಪಕರನ್ನು ಇದಕ್ಕೆ ಬೈದು ಪ್ರಯೋಜನವಿಲ್ಲ. ಟ್ರೇಲರ್ ಬಂದ ದಿನವೇ ಅದನ್ನು ಸ್ಟೇಟಸ್‌ಗೆ ಹಾಕುವವರು ನಾವೇ ತಾನೆ?

‘ಮುಂಗಾರು ಮಳೆ’ಯ ಕಥೆ ಸ್ವಲ್ಪ ಬೇರೆ, ಆದರೆ ದಾರಿ ಅದೇ. 2006ರ ಡಿಸೆಂಬರ್ 29ರಂದು ಬಿಡುಗಡೆಯಾದ ಯೋಗರಾಜ್ ಭಟ್ಟರ ಆ ಸಿನಿಮಾ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ವರ್ಷಕ್ಕೂ ಹೆಚ್ಚು ಓಡಿತು. ಮಲೆನಾಡಿನ ಮಳೆಯನ್ನು ನಾವೇ ಹೊಸದಾಗಿ ನೋಡುವಂತೆ ಮಾಡಿತು. ಆದರೆ ಅದನ್ನು ದೊಡ್ಡದು ಮಾಡಿದ್ದು ಮಳೆಯೊಂದೇ ಅಲ್ಲ, ಕೊನೆ ಕೂಡ. ಪ್ರೀತಮ್‌ಗೆ ನಂದಿನಿ ಸಿಗಬಹುದಿತ್ತು. ಅವನು ಬಿಟ್ಟುಕೊಟ್ಟ. ಮದುವೆ ಮನೆಯಿಂದ ಹೊರಟವನ ಕೈಯಲ್ಲಿ ಉಳಿದಿದ್ದ ಮೊಲ ದೇವದಾಸನೂ ಸತ್ತಿತು. ಸಿನಿಮಾದುದ್ದಕ್ಕೂ ಬಾಯಿ ಮುಚ್ಚದೆ ಮಾತಾಡಿ ನಗಿಸಿದವನು ಕೊನೆಗೆ ಮಾತಿಲ್ಲದೆ ನಿಲ್ಲುತ್ತಾನೆ. ಪ್ರೀತಿಸಿದವಳನ್ನು ಗೆದ್ದು ತರುವುದೇ ನಾಯಕತ್ವ ಎಂದು ನೂರಾರು ಸಿನಿಮಾಗಳು ಹೇಳುತ್ತಿದ್ದ ಕಾಲದಲ್ಲಿ ಅದು ಬೇರೆಯದೇ ಹೇಳಿತು.

ಹತ್ತು ವರ್ಷದ ನಂತರ, 2016ರಲ್ಲಿ ‘ಮುಂಗಾರು ಮಳೆ 2’ ಬಂದಾಗ ನಾಯಕ ಗಣೇಶ್ ಅವರೇ. ಆದರೆ ನಿರ್ದೇಶಕರು ಬೇರೆ, ನಾಯಕಿ ಬೇರೆ, ಕಥೆಯೂ ಬೇರೆ. ಮಳೆ, ತುಂಟ ಮಾತು, ಹಾಡು ಮಾತ್ರ ಮುಂದುವರಿದವು. ಇಲ್ಲಿ ಮೂಲಕಥೆಯನ್ನು ಯಾರೂ ತಿದ್ದಲಿಲ್ಲ, ನಿಜ. ಆದರೆ ಒಂದು ತ್ಯಾಗದ ಹೆಸರಾಗಿದ್ದದ್ದು ಒಂದು ಬಗೆಯ ಸಿನಿಮಾದ ಲೇಬಲ್ ಆಯಿತು. ನಮ್ಮ ಕಡೆ ಒಳ್ಳೆಯ ಕಾಫಿಪುಡಿ ಮಾಡುತ್ತಿದ್ದ ಅಂಗಡಿಯ ಬೋರ್ಡ್ ಉಳಿದು ಒಳಗೆ ಚಿಕೋರಿ ಜಾಸ್ತಿಯಾದರೆ ಗಿರಾಕಿಗೆ ಮೊದಲ ಗುಟುಕಿನಲ್ಲೇ ಗೊತ್ತಾಗುತ್ತದೆ. ಸಿನಿಮಾದಲ್ಲಿ ನಮಗೆ ಅದು ಗೊತ್ತಾಗುವುದು ನಿಧಾನ.

ನಮ್ಮ ಊರಿಗೆ ತಾಗಿದ ‘ಕಾಂತಾರ’

ಮೊದಲ ‘ಕಾಂತಾರ’ವನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರು ನೋಡಿದ ರೀತಿಯೇ ಬೇರೆ. ಬೆಂಗಳೂರಿನವರಿಗೆ ಅದು ದೈವದ ಸಿನಿಮಾ. ನಮಗೆ ಅದು ಸರ್ವೆಯ ಸಿನಿಮಾ ಕೂಡ. ಅರಣ್ಯ ಇಲಾಖೆಯವರು ಬಂದು ಗಡಿ ಗುರುತು ಮಾಡುವ ದೃಶ್ಯ, ‘ಅಪ್ಪ, ಅಜ್ಜನ ಕಾಲದಿಂದ ಇಲ್ಲೇ ಇದ್ದೇವೆ, ಕಾಗದ ಎಲ್ಲಿಂದ ತರೋಣ’ ಎನ್ನುವ ಜನ, ಊರಿನ ಪರವಾಗಿರುವಂತೆ ನಟಿಸುತ್ತ ಜಾಗ ಬರೆಸಿಕೊಳ್ಳಲು ಕಾಯುವ ಧಣಿ, ಇದ್ಯಾವುದೂ ನಮಗೆ ಕಟ್ಟುಕಥೆಯಲ್ಲ. ಒಂದು ಕಡೆ ಭದ್ರಾ ಅಭಯಾರಣ್ಯ, ಇನ್ನೊಂದು ಕಡೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ನಡುವೆ ಸೆಕ್ಷನ್ 4, ಒತ್ತುವರಿ ನೋಟಿಸು, ಬಗರ್‌ಹುಕುಂ ಅರ್ಜಿ, ಹಕ್ಕುಪತ್ರ ಎಂಬ ಪದಗಳನ್ನು ಕೇಳುತ್ತಲೇ ನಾವು ಬೆಳೆದಿದ್ದೇವೆ. 2024ರ ಜುಲೈನಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದ ಮೇಲೆ ಪಶ್ಚಿಮಘಟ್ಟದ ಒತ್ತುವರಿ ತೆರವಿನ ಮಾತು ಮತ್ತೆ ಜೋರಾದಾಗ ಇಲ್ಲಿನ ಎಷ್ಟೋ ಮನೆಗಳಲ್ಲಿ ನಿದ್ದೆ ಕೆಟ್ಟಿತ್ತು.

ಆ ಸಿನಿಮಾದ ಅರ್ಥ ಇದ್ದದ್ದು ಅದರ ಮುಕ್ತಾಯದಲ್ಲಿ. ಹೊಡೆದಾಟ ಮುಗಿದ ಮೇಲೆ ದೈವ ಬಂದು ಅರಣ್ಯಾಧಿಕಾರಿ ಮುರಳಿಯ ಕೈಯನ್ನೂ ಊರವರ ಕೈಯನ್ನೂ ಒಟ್ಟುಗೂಡಿಸುತ್ತದೆ. ಕಾಡು ಉಳಿಯಬೇಕು, ಕಾಡಿನಲ್ಲಿ ಬದುಕುವವನೂ ಉಳಿಯಬೇಕು, ಇಬ್ಬರೂ ಕೂತು ಮಾತಾಡಬೇಕು. ಹೊಸ ಕಾನೂನೂ ಹಳೆಯ ನಂಬಿಕೆಯೂ ಪರಸ್ಪರ ಶತ್ರುಗಳಲ್ಲ ಎಂದು ಹೇಳಿ ನಾಯಕ ಕಾಡಿನೊಳಗೆ ಮಾಯವಾಗುತ್ತಾನೆ. ಎಲ್ಲಿ ಹೋದ, ಏನಾದ ಎಂದು ಸಿನಿಮಾ ಹೇಳಲಿಲ್ಲ. ಹೇಳದೇ ಇದ್ದದ್ದೇ ಅದರ ಶಕ್ತಿ. ರಿಷಬ್ ಶೆಟ್ಟಿ ಅವರಿಗೆ ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದಾಗ ನಮಗೆಲ್ಲ ನಮ್ಮ ಮನೆಯವರಿಗೇ ಬಂದಷ್ಟು ಖುಷಿಯಾಗಿತ್ತು.

‘ಕಾಂತಾರ ಅಧ್ಯಾಯ 1’ ಕದಂಬರ ಕಾಲಕ್ಕೆ ಹೋಗುತ್ತದೆ. ಅದನ್ನು ಕೆಟ್ಟ ಸಿನಿಮಾ ಎನ್ನಲಾರೆ. ಅಲ್ಲೂ ಕಾಡಿನ ಜನರಿದ್ದಾರೆ, ಅವರ ದುಡಿಮೆಯ ಮೇಲೆ ಕಣ್ಣು ಹಾಕುವ ಅರಸೊತ್ತಿಗೆ ಇದೆ. ಹಕ್ಕಿನ ಪ್ರಶ್ನೆಯನ್ನು ಅದು ಪೂರ್ತಿ ಕೈಬಿಟ್ಟಿಲ್ಲ. ಆದರೆ ಶತ್ರು ಈಗ ಕಿರೀಟ ತೊಟ್ಟ ರಾಜ. ಅವನನ್ನು ನಾವು ತಾಲ್ಲೂಕು ಕಚೇರಿಯಲ್ಲಿ ಭೇಟಿ ಮಾಡುವ ಸಂಭವವಿಲ್ಲ. ಮೊದಲ ಸಿನಿಮಾದ ಧಣಿಯನ್ನೂ ರೇಂಜರನ್ನೂ ನೋಡಿದಾಗ ಪಕ್ಕದಲ್ಲಿ ಕೂತವರು ಯಾರದೋ ಹೆಸರು ಪಿಸುಗುಟ್ಟುತ್ತಿದ್ದರು. ಎರಡನೆಯದರಲ್ಲಿ ಬರೀ ಚಪ್ಪಾಳೆ. ಜನರಿಗೆ ನೆನಪಿದ್ದ ಆ ಕೂಗು, ಆ ಆವೇಶ ದೊಡ್ಡದಾಗಿ ಮರಳಿತು. ಕೊನೆಯಲ್ಲಿ ಸೇರಿದ ಆ ಕೈಗಳ ಮುಂದಿನ ಕಥೆ ಬರಲಿಲ್ಲ. ಅದು ಬಂದಿದ್ದರೆ ನಮಗೆ ಉಪಯೋಗವಾಗುತ್ತಿತ್ತು. ಮುರಳಿಗೆ ವರ್ಗವಾಗಿ ಹೊಸ ಅಧಿಕಾರಿ ಬಂದರೆ ಆ ಮಾತಿಗೆ ಬೆಲೆ ಇರುತ್ತದೆಯೇ? ನಿಜವಾದ ಎರಡನೇ ಭಾಗ ಅಲ್ಲಿತ್ತು.

‘ಸಿನಿಮಾ ತಾನೆ, ಬಿಡಿ’ ಎನ್ನುವವರಿಗೆ

ಇಷ್ಟೆಲ್ಲ ಹೇಳಿದರೆ ಗೆಳತಿಯರು ನಗುತ್ತಾರೆ. ‘ಮನರಂಜನೆಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ? ಮೊದಲನೇ ಸಿನಿಮಾ ಹಾಗೇ ಇದೆಯಲ್ಲ, ಬೇಕಾದರೆ ಅದನ್ನೇ ನೋಡು’ ಎನ್ನುತ್ತಾರೆ. ಮೇಲ್ನೋಟಕ್ಕೆ ಸರಿಯಾದ ಮಾತು. ‘ಆಪ್ತಮಿತ್ರ’ದ ಒಂದು ದೃಶ್ಯವನ್ನೂ ‘ಆಪ್ತರಕ್ಷಕ’ ಕತ್ತರಿಸಿಲ್ಲ. ಆದರೆ ಕಥೆ ರೀಲಿನಲ್ಲಿ ಮಾತ್ರ ಇರುವುದಿಲ್ಲ, ಜನರ ಬಾಯಲ್ಲಿಯೂ ಇರುತ್ತದೆ. ಹಾಸ್ಟೆಲ್‌ಗಳಲ್ಲಿ ಜೋರಾಗಿ ಸಿಟ್ಟು ಮಾಡಿಕೊಳ್ಳುವ ಹುಡುಗಿಗೆ ಈಗಲೂ ಇಡುವ ಹೆಸರು ನಾಗವಲ್ಲಿ. ಗಂಗಾ ಎಂದು ಯಾರೂ ಕರೆಯುವುದಿಲ್ಲ. ಕಾಯಿಲೆಯಿದ್ದ ಹೆಣ್ಣುಮಗಳು ಮರೆತುಹೋಗಿದ್ದಾಳೆ. ಉಳಿದಿರುವುದು ದೆವ್ವ.

ಇದು ತಮಾಷೆಯ ಮಟ್ಟದಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಸಂಗತಿ ಹೇಳುತ್ತೇನೆ. ನಮ್ಮ ಹೋಬಳಿಯದೇ ಒಂದು ಮನೆ. ದ್ವಿತೀಯ ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಅಲ್ಲಿನ ಹುಡುಗಿ ನಿದ್ದೆ ಬಿಟ್ಟಳು, ಒಬ್ಬಳೇ ಮಾತಾಡತೊಡಗಿದಳು, ಒಂದು ದಿನ ತಟ್ಟೆಗಳನ್ನೆಲ್ಲ ಅಂಗಳಕ್ಕೆ ಎಸೆದಳು. ಮನೆಯವರು ಒಬ್ಬ ನೋಟ ನೋಡುವವರ ಹತ್ತಿರ ಕರೆದೊಯ್ದರು. ತಾಯಿತ ಕಟ್ಟಿದರು, ಬೂದಿ ಹಚ್ಚಿದರು. ಎರಡು ತಿಂಗಳು ಹೀಗೇ ಹೋಯಿತು. ಡಾಕ್ಟರಿಗೆ ತೋರಿಸೋಣ ಎಂದು ಹಟ ಹಿಡಿದವರು ಹುಡುಗಿಯ ಚಿಕ್ಕಪ್ಪ. ಅವತ್ತು ನಾನು ಅಲ್ಲೇ ಇದ್ದೆ.

‘ಅಮ್ಮ, ಆಪ್ತಮಿತ್ರದಲ್ಲಿ ವಿಷ್ಣುವರ್ಧನ್ ಎಂತ ಹೇಳಿದ್ದು? ಕಾಯಿಲೆ ಅಂತ ಹೇಳ್ಲಿಲ್ವಾ?’ ಎಂದರು ಚಿಕ್ಕಪ್ಪ.

‘ಹೇಳಿದ್ರು ಮಾರಾಯ. ಆದ್ರೆ ಎರಡ್ನೇದ್ರಲ್ಲಿ ಅದು ವಾಪಸ್ ಬರ್ಲಿಲ್ವಾ?’ ಎಂದರು ಅಜ್ಜಿ.

ಚಿಕ್ಕಪ್ಪನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ಮತ್ತೂ ಒಂದು ತಿಂಗಳು ಕಳೆದ ಮೇಲೆ, ಸಂಬಂಧಿಕರಲ್ಲೇ ಒಬ್ಬ ನರ್ಸ್ ಒತ್ತಾಯ ಮಾಡಿ ಶಿವಮೊಗ್ಗದಲ್ಲಿ ಮನೋವೈದ್ಯರಿಗೆ ತೋರಿಸಿದರು. ಈಗ ಆ ಹುಡುಗಿ ಮಾತ್ರೆ ತೆಗೆದುಕೊಳ್ಳುತ್ತ ಡಿಗ್ರಿ ಓದುತ್ತಿದ್ದಾಳೆ, ಚೆನ್ನಾಗಿದ್ದಾಳೆ. ಆ ವರ್ಷದ ಪರೀಕ್ಷೆ ಮಾತ್ರ ಹೋಯಿತು. ಆ ಮನೆ ತಡ ಮಾಡಿದ್ದಕ್ಕೆ ಸಿನಿಮಾವೇ ಕಾರಣ ಎಂದು ನಾನು ಹೇಳುವುದಿಲ್ಲ. ಕಾರಣಗಳು ಹತ್ತಾರು. ಆದರೆ ಒಂದು ಒಳ್ಳೆಯ ಕಥೆ ಅಜ್ಜಿಯ ಕೈಗೆ ಕೊಟ್ಟಿದ್ದ ಆಧಾರವನ್ನು ಅದರದೇ ಮುಂದುವರಿಕೆ ಕಿತ್ತುಕೊಂಡದ್ದನ್ನು ನಾನು ಆ ಜಗಲಿಯಲ್ಲಿ ನೋಡಿದೆ. ಸ್ಪರ್ಧಾತ್ಮಕ ಪರೀಕ್ಷೆ, ಕೆಲಸದ ಚಿಂತೆಯಲ್ಲಿ ನಿದ್ದೆಗೆಟ್ಟಿರುವ ಗೆಳೆಯರು ಈ ಪುಟ ಓದುತ್ತಿದ್ದರೆ ಅವರಿಗೆ ಒಂದು ಮಾತು: ‘ಟೆಲಿ ಮಾನಸ್’ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ.

ಹಳಬರು ಮಾಡಿದ ಪಾರ್ಟ್ 2

ಹಾಗಾದರೆ ಮುಂದುವರಿಕೆಯೇ ತಪ್ಪೇ? ಖಂಡಿತ ಅಲ್ಲ. ಕನ್ನಡದಲ್ಲಿ ಈ ಕೆಲಸ ಸಿನಿಮಾ ಹುಟ್ಟುವ ಎಷ್ಟೋ ಶತಮಾನ ಮೊದಲೇ ನಡೆದಿದೆ. ಕುಮಾರವ್ಯಾಸ ಮಹಾಭಾರತದ ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಮಾತ್ರ ಬರೆದ. ಉಳಿದ ಎಂಟನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದು ಪೂರ್ತಿ ಮಾಡಿದ. ಕನ್ನಡ ಸಾಹಿತ್ಯ ಓದುವವರಿಗೆ ಈ ಹೆಸರು ಗೊತ್ತಿರುತ್ತದೆ, ಉಳಿದವರಿಗೆ ಇಲ್ಲ. ಗಮಕ ಸಭೆಗಳಲ್ಲಿ ಜನ ಕಾದು ಕೇಳುವುದು ಕುಮಾರವ್ಯಾಸನನ್ನು. ಕಥೆ ಪೂರ್ತಿಯಾಯಿತು, ಆದರೆ ಓದುಗರಿಗೆ ಆ ಪೂರ್ಣತೆ ಬೇಕೆನಿಸಲಿಲ್ಲ.

ಇನ್ನೊಂದು ಉದಾಹರಣೆ ನಮ್ಮ ಜಿಲ್ಲೆಯದೇ. ಕಡೂರು ತಾಲ್ಲೂಕಿನ ದೇವನೂರಿನವನೆಂದು ನಾವು ಹೆಮ್ಮೆಪಡುವ ಲಕ್ಷ್ಮೀಶನ ‘ಜೈಮಿನಿ ಭಾರತ’. ಅದು ಶುರುವಾಗುವುದೇ ಕುರುಕ್ಷೇತ್ರ ಮುಗಿದ ಮೇಲೆ. ಯುದ್ಧ ಗೆದ್ದ ಧರ್ಮರಾಯನ ಅಶ್ವಮೇಧದ ಕುದುರೆಯ ಹಿಂದೆ ಅರ್ಜುನ ಹೊರಡುತ್ತಾನೆ. ಲೆಕ್ಕಕ್ಕೆ ಇದು ಅಪ್ಪಟ ಪಾರ್ಟ್ 2. ಆದರೆ ಆ ಕುದುರೆ ಮಣಿಪುರಕ್ಕೆ ಹೋದಾಗ ಏನಾಗುತ್ತದೆ? ಅರ್ಜುನ ಎಂದೋ ಮದುವೆಯಾಗಿ ಬಿಟ್ಟುಬಂದ ಚಿತ್ರಾಂಗದೆಯ ಮಗ ಬಬ್ರುವಾಹನ ಕಾಣಿಕೆ ಹಿಡಿದು ತಂದೆಯ ಕಾಲಿಗೆ ಬೀಳಲು ಬರುತ್ತಾನೆ. ಅರ್ಜುನ ಅವನನ್ನು ಅವಮಾನಿಸುತ್ತಾನೆ. ಮಗ ಕಾಳಗಕ್ಕೆ ನಿಲ್ಲುತ್ತಾನೆ, ಗಾಂಡೀವಿಯ ತಲೆ ಉರುಳುತ್ತದೆ. ಕೊನೆಗೆ ಅರ್ಜುನ ಬದುಕುತ್ತಾನೆ, ನಿಜ. ಆದರೆ ಅಷ್ಟರಲ್ಲಿ ಒಂದು ಪ್ರಶ್ನೆ ಎದ್ದು ನಿಂತಿರುತ್ತದೆ: ಮಹಾವೀರ ಎಂದು ಮೊದಲ ಕಥೆ ಹೊಗಳಿದವನು ಬಿಟ್ಟುಬಂದ ಹೆಂಡತಿ, ಮಕ್ಕಳ ಲೆಕ್ಕ ಯಾರು ಕೊಡಬೇಕು?

ನಮ್ಮ ಕಡೆಯ ಯಕ್ಷಗಾನ, ತಾಳಮದ್ದಲೆಗಳಲ್ಲಿ ಬಬ್ರುವಾಹನ ಕಾಳಗ, ಸುಧನ್ವಾರ್ಜುನ ಎಂದರೆ ಇವತ್ತಿಗೂ ಜನ ಸೇರುತ್ತಾರೆ. ಲವ ಕುಶರ ಪ್ರಸಂಗವೂ ಹಾಗೇ. ರಾಮಾಯಣ ಪಟ್ಟಾಭಿಷೇಕಕ್ಕೇ ಮುಗಿದಿದ್ದರೆ ಸುಖಾಂತ. ಮುಂದಿನ ಕಥೆಯಲ್ಲಿ ಇಬ್ಬರು ಮಕ್ಕಳು ಬಂದು ರಾಮನ ಕಥೆಯನ್ನು ರಾಮನಿಗೇ ಹಾಡಿ ಕೇಳಿಸುತ್ತಾರೆ, ಸೀತೆಗೆ ಆದದ್ದನ್ನು ಅವನ ಎದುರೇ ಇಡುತ್ತಾರೆ. ಉತ್ತರಕಾಂಡ ಆಮೇಲೆ ಸೇರಿದ್ದು ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇರಬಹುದು. ಆದರೆ ಅದು ಮೊದಲ ಕಥೆಯ ಗಾಯವನ್ನು ಮುಚ್ಚಿಹಾಕಲಿಲ್ಲ. ಅದನ್ನೇ ತೋರಿಸಿ ಕೇಳಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಬೇರೆ ದಾರಿ ಹಿಡಿದರು. ಅವರ ‘ಶ್ರೀ ರಾಮಾಯಣ ದರ್ಶನಂ’ ಪಟ್ಟಾಭಿಷೇಕಕ್ಕೇ ಮುಗಿಯುತ್ತದೆ. ಆದರೆ ಅದರ ಅಗ್ನಿಪರೀಕ್ಷೆಯಲ್ಲಿ ಸೀತೆಯ ಜೊತೆ ರಾಮನೂ ಬೆಂಕಿಯನ್ನು ಪ್ರವೇಶಿಸುತ್ತಾನೆ. ಮುಂದಿನ ಭಾಗ ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವರು ಮೂಲದಲ್ಲೇ ಎತ್ತಿಕೊಂಡರು.

ಹಿಡಿಯದೆ ಬಿಟ್ಟ ಓತಿ

ಇವೆಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಳ್ಳೆಯ ಮುಂದುವರಿಕೆಗೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ ಗುರುತಿಸಲು ಒಂದೇ ಪ್ರಶ್ನೆ ಸಾಕು ಎನಿಸುತ್ತದೆ. ಮೊದಲ ಕಥೆಯಲ್ಲಿ ಯಾರೋ ಏನನ್ನೋ ಕಳೆದುಕೊಂಡು ಒಂದು ತಿಳಿವಳಿಕೆಗೆ ಬಂದಿರುತ್ತಾರೆ. ಗಂಗಾಳ ಮನೆಯವರು ದೆವ್ವದ ಭಯ ಕಳೆದುಕೊಂಡರು. ಪ್ರೀತಮ್ ನಂದಿನಿಯನ್ನು ಕಳೆದುಕೊಂಡ. ಎರಡನೇ ಕಥೆ ಅದನ್ನು ಉಳಿಸಿಕೊಂಡು ಮುಂದೆ ಹೋಯಿತೇ, ಅಥವಾ ಅದೆಲ್ಲ ನಡೆದೇ ಇಲ್ಲ ಎಂಬಂತೆ ಮತ್ತೆ ಶುರುಮಾಡಿತೇ?

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಓದಿದವರು ಇದನ್ನು ಬೇಗ ಒಪ್ಪುತ್ತಾರೆ. ಹಾರುವ ಓತಿಯನ್ನು ಹುಡುಕಿಕೊಂಡು ಅಷ್ಟು ಜನ ಕಾಡು ಅಲೆದು, ಕೊನೆಗೆ ಅದು ಕಣ್ಣೆದುರಿಗೇ ಕಣಿವೆಯೊಳಗೆ ತೇಲಿಹೋಗುತ್ತದೆ. ಕೈಗೆ ಸಿಗುವುದಿಲ್ಲ. ‘ಕರ್ವಾಲೊ 2’ ಎಂದು ಯಾರಾದರೂ ಮಾಡಿ, ಓತಿಯನ್ನು ಹಿಡಿದು ಗಾಜಿನ ಪೆಟ್ಟಿಗೆಗೆ ಹಾಕಿದರು ಅಂದುಕೊಳ್ಳಿ. ಗ್ರಾಫಿಕ್ಸ್ ಎಷ್ಟೇ ಚೆನ್ನಾಗಿದ್ದರೂ ಮೊದಲ ಪುಸ್ತಕಕ್ಕೆ ಅರ್ಥ ಉಳಿಯುತ್ತದೆಯೇ?

ನಮ್ಮಲ್ಲೇ ಎಷ್ಟೋ ಜನ ಈಗ ಕಿರುಚಿತ್ರ ಮಾಡುತ್ತಾರೆ, ವೆಬ್ ಸರಣಿಗೆ ಬರೆಯುವ ಕೆಲಸ ಹುಡುಕಿ ಬೆಂಗಳೂರಿಗೆ ಹೋಗುತ್ತಾರೆ. ನಾಳೆ ಅವರ ಕೈಗೆ ಸಿಗುವ ಮೊದಲ ಕೆಲಸ ಯಾವುದೋ ಗೆದ್ದ ಕಥೆಯ ಎರಡನೇ ಭಾಗವೇ ಆಗಿರಬಹುದು. ಹೊಟ್ಟೆಪಾಡು, ಬೇಡ ಎನ್ನಲಾಗುವುದಿಲ್ಲ, ಎನ್ನಬೇಕಾಗಿಯೂ ಇಲ್ಲ. ಮೊದಲ ಭಾಗದಲ್ಲಿ ಜನ ಶಿಳ್ಳೆ ಹೊಡೆದ ಜಾಗಗಳ ಪಟ್ಟಿ ಮಾಡುವಾಗ, ಸುಮ್ಮನೆ ಕೂತ ಜಾಗಗಳದ್ದೂ ಒಂದು ಪಟ್ಟಿ ಮಾಡಿಕೊಳ್ಳಿ. ಕಥೆ ಮುಂದುವರಿಯಬೇಕಾದದ್ದು ಹೆಚ್ಚಾಗಿ ಆ ಎರಡನೇ ಪಟ್ಟಿಯಿಂದ.

ನೋಡುವ ನಮ್ಮ ಪಾಲಿನ ಕೆಲಸ ಇದಕ್ಕಿಂತ ಸುಲಭ. ಮುಂದಿನ ಪಾರ್ಟ್ 2ಕ್ಕೆ ಟಿಕೆಟ್ ತೆಗೆದುಕೊಳ್ಳುವ ಮುಂಚೆ ಮೊದಲ ಭಾಗವನ್ನು ಮನೆಯವರೊಂದಿಗೆ ಇನ್ನೊಮ್ಮೆ ನೋಡಿ. ‘ಆಪ್ತಮಿತ್ರ’ದಲ್ಲಿ ಡಾಕ್ಟರ್ ವಿಜಯ್ ಗಂಗಾಳ ಕಾಯಿಲೆಯನ್ನು ಮನೆಯವರಿಗೆ ವಿವರಿಸುವ ದೃಶ್ಯ ಬರುತ್ತದಲ್ಲ, ಅಲ್ಲಿ ಅಜ್ಜಿಯಂದಿರು ಎದ್ದು ಒಳಗೆ ಹೋಗದಂತೆ ನೋಡಿಕೊಳ್ಳಿ.